ಮಸ್ಕಿಯ ಬಂಡೆ ಮತ್ತು ಹಳೆಯ ಬೆಳಕು



ಸಿಂಧನೂರಿನ ಒಂದು ಮದುವೆಯ ಪಂಕ್ತಿಯಲ್ಲಿ ಪರಿಚಿತರೊಬ್ಬರು ಕೇಳಿದರು: "ಆ ಜೇಮ್ಸ್ ವೆಬ್ ದೂರದರ್ಶಕ ಹಳೆಯ ಗೆಲಾಕ್ಸಿ ಕಂಡಿತಂತೆ. ಅದರಿಂದ ನಮ್ಮ ಭತ್ತಕ್ಕೆ ಬೆಲೆ ಬರುತ್ತದೆಯೇ, ಗುರುಗಳೇ?" ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ತಪ್ಪೆಂದು ಈಗ ಅನಿಸುತ್ತಿದೆ.

2021ರ ಡಿಸೆಂಬರ್ 25ರಂದು ಉಡಾವಣೆಗೊಂಡ ಆ ದೂರದರ್ಶಕವು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ನೋಡುತ್ತದೆ. ಅವಕೆಂಪು ನಮ್ಮವರಿಗೆ ಅಪರಿಚಿತವಲ್ಲ. ಮೇ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೆ ನಮ್ಮ ಯಾವುದೇ ಗುಡ್ಡದ ಬಂಡೆಯೆದುರು ಅಂಗೈ ಹಿಡಿಯಿರಿ; ಮುಟ್ಟದೆಯೇ ಕಾವು ತಾಗುತ್ತದೆ. ಕಣ್ಣಿಗೆ ಕಾಣದ ಆ ಕಿರಣವೇ ಅವಕೆಂಪು. ಅತಿ ದೂರದ ಗೆಲಾಕ್ಸಿಗಳಿಂದ ಹೊರಟ ಬೆಳಕು, ವಿಶ್ವವು ಹಿಗ್ಗುತ್ತಿರುವುದರಿಂದ, ದಾರಿಯಲ್ಲಿ ತಾನೂ ಹಿಗ್ಗಿ ಅವಕೆಂಪಾಗಿ ನಮ್ಮನ್ನು ತಲುಪುತ್ತದೆ. ವಾತಾವರಣದ ನೀರಾವಿ ಅದರ ಬಹುಭಾಗವನ್ನು ಹೀರಿಬಿಡುತ್ತದೆ. ಬೆಚ್ಚನೆಯ ಗಾಳಿ ತಾನೇ ಅವಕೆಂಪನ್ನು ಸೂಸುತ್ತದೆ. ಆದಕಾರಣ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳುಹಿಸಿ, ಐದು ಪದರಗಳ ಮರೆಯ ನೆರಳಿನಲ್ಲಿ ತಣ್ಣಗಿಡಬೇಕಾಯಿತು.

ಅದರ 6.5 ಮೀಟರ್ ಅಗಲದ ಕನ್ನಡಿಗೆ ಬಂಗಾರದ ಲೇಪವಿದೆ, ಏಕೆಂದರೆ ಬಂಗಾರವು ಅವಕೆಂಪನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಒಟ್ಟು ಸುಮಾರು 48 ಗ್ರಾಂ, ಎಂದರೆ ನಾಲ್ಕು ತೊಲೆಗಿಂತ ತುಸು ಹೆಚ್ಚು. ಹಟ್ಟಿಯ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನವರಿಗೆ ಬಂಗಾರದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಂಗಾರಕ್ಕೆ ಇಂಥದೊಂದು ಉಪಯೋಗವೂ ಇದೆಯೆಂದು ಮಕ್ಕಳಿಗೆ ಹೇಳಬೇಕು.

1915ರಲ್ಲಿ ಬಂಗಾರವನ್ನು ಅರಸುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯಲ್ಲಿ ದೊರೆತದ್ದು ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು. 'ದೇವಾನಾಂಪ್ರಿಯ' ಎಂಬ ಅರಸನು ಅಶೋಕನೇ ಎಂಬುದನ್ನು ಆ ಶಾಸನ ಖಚಿತಪಡಿಸಿತು. ಅದರಿಂದ ಜೋಳದ ಬೆಲೆ ಏರಲಿಲ್ಲ. ಆದರೂ ಆ ಬಂಡೆಯ ಹೆಸರೆತ್ತದೆ ನಾವು ಮಸ್ಕಿಯನ್ನು ಯಾರಿಗಾದರೂ ಪರಿಚಯಿಸುತ್ತೇವೆಯೇ? 2,200ಕ್ಕೂ ಹೆಚ್ಚು ವರ್ಷ ಹಿಂದಿನ ಮಾತನ್ನು ಓದಿ ಹೆಮ್ಮೆಪಡುವ ನಾವು, 1,300 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕನ್ನು ಓದುವವರನ್ನು ನೋಡಿ ನಗುವುದು ಸಲ್ಲದು.

ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗಿ, "ಸರ್, ನಾವು ನೋಡುವ ನಕ್ಷತ್ರ ಈಗಲೂ ಇದೆಯೇ?" ಎಂದು ಕೇಳಿದ್ದಳು. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ಅವಳು ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಇಂದಾದರೂ ಉತ್ತರಿಸುತ್ತೇನೆ: ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಬಹುತೇಕ ಈಗಲೂ ಇವೆ, ತಾಯಿ, ಆದರೆ ನಮಗೆ ಕಾಣುವುದು ಬೆಳಕು ಹೊರಟ ದಿನದ ನಕ್ಷತ್ರ.

ವೆಬ್ ಕಳುಹಿಸುವ ಮಾಹಿತಿ ಕೆಲಕಾಲದ ನಂತರ ಎಲ್ಲರಿಗೂ ತೆರೆದಿರುತ್ತದೆ. 2025ರಲ್ಲಿ ಪುಣೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತಮ್ಮ ಮಾರ್ಗದರ್ಶಕರೊಡನೆ ಅದರಲ್ಲೇ ಒಂದು ಪುರಾತನ ಸುರುಳಿ ಗೆಲಾಕ್ಸಿಯನ್ನು ಗುರುತಿಸಿದರು. ಅದಕ್ಕೆ ಅಲಕನಂದಾ ಎಂಬ ಹೆಸರಾಯಿತು. ಅಂಥ ಕೆಲಸಕ್ಕೆ ಮೊದಲು ಬೇಕಾದದ್ದು ಪ್ರಶ್ನೆ. ನಿಮ್ಮಲ್ಲಿ ಶಿಕ್ಷಕರಾದವರು ಅನೇಕರಿದ್ದೀರಿ. ಮಕ್ಕಳನ್ನು ಒಮ್ಮೆ ಮಸ್ಕಿಗೆ ಕರೆದೊಯ್ಯಿರಿ. ಅದೇ ರಾತ್ರಿ ಊರಾಚೆಯ ಕತ್ತಲಲ್ಲಿ ಆಕಾಶ ತೋರಿಸಿರಿ. ಯಾರಾದರೂ ಪ್ರಶ್ನೆ ಕೇಳಿದರೆ ಕೂರಿಸಬೇಡಿರಿ.