ಕಲ್ಲಿನ ಮೇಲೆ ಯಾರ ಹೆಸರು?

ಮಕ್ಕಳೇ, ದೇವನಹಳ್ಳಿ ಕೋಟೆಯೊಳಗೆ ವೇಣುಗೋಪಾಲಸ್ವಾಮಿ ದೇವಾಲಯವಿದೆ. ಎದುರಿಗೆ ಗರುಡಗಂಬ, ವಿಶಾಲವಾದ ಅಂಗಳ. ಗೋಡೆಗಳಲ್ಲಿ ರಾಮಾಯಣದ ಕಥೆ, ಬಾಲಕೃಷ್ಣನ ತುಂಟಾಟ. ಓದು ಬಾರದವರಿಗೂ ಅರ್ಥವಾಗುವ ಕಲ್ಲಿನ ಪುಸ್ತಕ. ಕಳೆದ ಭಾನುವಾರ ಮೊಮ್ಮಗಳ ಜೊತೆ ಹೋಗಿದ್ದೆ.

"ತಾತ, ಇಲ್ಲಿ ಯಾರೋ ಮೊಳೆಯಿಂದ ಹೆಸರು ಕೆತ್ತಿದ್ದಾರೆ!" ಎಂದಳು.

ನನ್ನ ಎದೆ ಧಸಕ್ಕೆಂದಿತು. ಆ ಹೆಸರು ನನ್ನದಲ್ಲ. ಆದರೆ 12ನೇ ವಯಸ್ಸಿನಲ್ಲಿ ನಮ್ಮೂರ ಗುಡಿಯ ಕಂಬದ ಮೇಲೆ ನಾನೂ ಹಾಗೇ ಕೆತ್ತಿದ್ದೆ. 60 ವರ್ಷ ಯಾರಿಗೂ ಹೇಳಿರಲಿಲ್ಲ. ಅಂದು ಅವಳಿಗೆ ಹೇಳಿದೆ.

"ಹಾಗಾದರೆ ಕಲ್ಲಿನ ಮೇಲೆ ಯಾರ ಹೆಸರಿರಬೇಕು ತಾತ?"

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನ ನೆನಪಾಯಿತು. ಸುಮಾರು ಕ್ರಿ.ಶ. 890ರ ಹಳಗನ್ನಡದ ಕಲ್ಲು ಅದು. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಶೆಟ್ಟಿ ಮಡಿದನೆಂದು ಹೇಳುತ್ತದೆ. 'ಬೆಂಗಳೂರು' ಎಂಬ ಹೆಸರಿರುವ, ನಮಗೆ ಸಿಕ್ಕಿರುವ ಅತಿ ಹಳೆಯ ಬರಹವೂ ಅದೇ. ಬುಟ್ಟಣಶೆಟ್ಟಿ ತನ್ನ ಹೆಸರನ್ನು ತಾನೇ ಕೆತ್ತಿಕೊಳ್ಳಲಿಲ್ಲ, ಉಳಿದವರು ಕೆತ್ತಿಸಿದರು.

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ಬರೆದರೆ ನಾವು ಅಳಿಸುತ್ತಿರಲಿಲ್ಲ. ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದೆವು. ಕಂಬದ ಮೇಲಿನ ತಪ್ಪನ್ನೂ ಅಳಿಸಲಾರೆ. ಈ ಬರಹವೇ ನನ್ನ ಸಹಿ.