ಬುಟ್ಟಿಯ ತಳದ ರೊಟ್ಟಿ

ನನ್ನ ತವರು ಮೂಡಲಗಿ, ಗಂಡನ ಮನೆ ಗೋಕಾಕ, ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ. ಮೂರೂ ಊರುಗಳ ಅಡಿಗೆಮನೆಗಳಲ್ಲಿ ನಾನು ತಪ್ಪದೇ ಕಂಡದ್ದು ಬುಟ್ಟಿಯ ತಳದಲ್ಲಿ ಉಳಿಯುವ ಎರಡು ತಣ್ಣನೆಯ ರೊಟ್ಟಿ. ಅವು ಯಾರಿಗೆಂದು ಯಾರೂ ಕೇಳುವುದಿಲ್ಲ. ಅವು ಬಡಿದವಳವು. ಅಷ್ಟೊತ್ತಿಗೆ ಪಲ್ಯದ ಬೋಗುಣಿ ಖಾಲಿ, ಮೊಸರಿನ ಗಡಿಗೆ ಖಾಲಿ. ಒಂದಿಷ್ಟು ಖಾರ, ಹನಿ ಎಣ್ಣೆ, ಮೇಲೊಂದು ಕಪ್ಪು ಚಹಾ. "ನೀ ಉಂಡ್ಯೇನವಾ?" ಎಂದರೆ "ಹೂಂ, ಆತು" ಎಂಬ ಉತ್ತರ.

ಇದನ್ನು ನಾವು ತ್ಯಾಗವೆಂದು ಕರೆದು ಹಾಡಿ ಹೊಗಳಿದ್ದೇವೆ. ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನನ್ನ ಮೈಯೇ.

ಮೂವತ್ತೆಂಟರ ಸುಮಾರಿಗೆ ನನಗೆ ಮಾಳಿಗೆಯ ಮೆಟ್ಟಿಲು ಏರಿದರೆ ಏದುಸಿರು. ವಯಸ್ಸಾಯಿತು ಎಂದರು ಒಬ್ಬರು, ದೃಷ್ಟಿಯಾಗಿದೆ ಎಂದರು ಇನ್ನೊಬ್ಬರು. ಒಂದು ಬಾಟಲಿ ಟಾನಿಕ್ಕೂ ಮುಗಿಯಿತು. ಕೊನೆಗೆ ರಕ್ತ ತೋರಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ. ಇರಬೇಕಾದದ್ದು ಕನಿಷ್ಠ 12. ಡಾಕ್ಟರು ನಾನು ಏನು ಉಣ್ಣುತ್ತೇನೆಂದು ಕೇಳುವ ಮೊದಲು, "ಅಕ್ಕಾರ, ನೀವು ಉಣ್ಣೂದು ಯಾವಾಗ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಉಸಿರಿನ ಆಮ್ಲಜನಕವನ್ನು ಮೈಯ ಮೂಲೆಮೂಲೆಗೆ ಹೊರುವುದು ರಕ್ತದ ಕೆಂಪು ಕಣ. ಅದರ ಆಯುಷ್ಯ ಸುಮಾರು 120 ದಿನ. ಹೊಸ ಕಣ ಕಟ್ಟಲು ಕಬ್ಬಿಣ ಬೇಕು, ಪ್ರೋಟೀನು ಬೇಕು, ಸೊಪ್ಪು-ಕಾಳುಗಳಲ್ಲಿರುವ ಫೋಲಿಕ್ ಆಮ್ಲ ಬೇಕು. ಹಳೆಯ ಕಣದ ಕಬ್ಬಿಣವನ್ನು ಮೈ ಮತ್ತೆ ಬಳಸಿಕೊಳ್ಳುತ್ತದೆ ನಿಜ. ಆದರೆ ತಿಂಗಳಿಗೊಮ್ಮೆ ಹರಿದುಹೋಗುವ ರಕ್ತದ ಜತೆ ಹೋದದ್ದು ಹೋದಂತೆಯೇ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣವಾದರೆ ಹೆಂಗಸಿಗೆ 29. ಹೆಚ್ಚು ಬೇಕಾದವಳೇ ಕಡೆಗೆ ಉಣ್ಣುವವಳು. ಇದು ಯಾವ ಲೆಕ್ಕ?

ನೂರು ಗ್ರಾಂ ಜೋಳದಲ್ಲಿ ಇರುವುದು ಸುಮಾರು 4 ಮಿಲಿಗ್ರಾಂ ಕಬ್ಬಿಣ. ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಲಿಂಬೆ, ನೆಲ್ಲಿ, ಪೇರಲ ಜತೆಗಿದ್ದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ ಅದನ್ನೂ ತಡೆಯುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಬೇಳೆ-ಕಾಳಿನಲ್ಲಿ ಧಾರಾಳ. ಎರಡೂ ಕೂಡಿದರೇ ಮೈ ಕಟ್ಟುವ ಊಟ. ರೊಟ್ಟಿಗೆ ಮಡಕಿ ಕಾಳು, ಪುಂಡಿ ಪಲ್ಯ, ಶೇಂಗಾ ಹಿಂಡಿ ಜೋಡಿಸಿದ ನಮ್ಮ ಹಿರಿಯರಿಗೆ ಊಟ ಗೊತ್ತಿತ್ತು. ಆದರೆ ಜೋಡಿಸಿ ಇಟ್ಟವಳ ತಾಟಿಗೆ ಆ ಜೋಡಿ ಬರಲೇ ಇಲ್ಲ. ಅವಳ ಹೊಟ್ಟೆ ತುಂಬಿತು, ರಕ್ತ ತುಂಬಲಿಲ್ಲ.

"ಬಡತನ, ಏನ್ ಮಾಡೂದು?" ಎನ್ನುವವರಿದ್ದಾರೆ. ಬಡತನ ಸುಳ್ಳಲ್ಲ. ಆದರೆ ಹಿಡಕಲ್ ಜಲಾಶಯದ ನೀರುಂಡು ಕಬ್ಬು ಬೆಳೆಯುವ ಮನೆಗಳಲ್ಲೂ, ಎರಡು ಎಮ್ಮೆ ಕರೆಯುವ ಮನೆಗಳಲ್ಲೂ ನಾನು ಇದೇ ಬುಟ್ಟಿ ಕಂಡಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ.

ಇನ್ನು ನಮ್ಮ ಗೋಕಾಕದ ಹೆಮ್ಮೆಯ ಕರದಂಟು. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ: ಬಾಣಂತಿಗೆ ಅದು ಸಿಗುತ್ತದೆ. ಯಾಕೆ? ಮಗುವಿಗೆ ಹಾಲು ಬರಲೆಂದು! ಬಾಣಂತನ ಮುಗಿದ ಮರುದಿನವೇ ಅವಳು ಬುಟ್ಟಿಯ ತಳಕ್ಕೆ. ಅವಳ ಮೈ ಅವಳದ್ದೆಂದು ನಾವು ಯಾವಾಗ ಒಪ್ಪಿಕೊಳ್ಳುವುದು?

ಸರಕಾರ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಮಾತೃಪೂರ್ಣ ಯೋಜನೆ ತಂದಾಗ ಗರ್ಭಿಣಿ, ಬಾಣಂತಿಯರನ್ನು ಅಂಗನವಾಡಿಗೇ ಕರೆದು ಕೂಡಿಸಿ ಊಟಕ್ಕೆ ಬಡಿಸುವ ಕ್ರಮ ಇಟ್ಟಿತು. ರೇಷನ್ನು ಮನೆಗೆ ಕೊಟ್ಟರೆ ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅವಳ ಬಾಯಿಗೆ ಬೀಳುವುದಿಲ್ಲ. ನಮ್ಮ ಮನೆಗಳ ಬಗ್ಗೆ ಇದಕ್ಕಿಂತ ನಾಚಿಕೆಯ ಮಾತು ಬೇಕೆ?

ಊಟವೊಂದೇ ಮದ್ದೆಂದು ನಾನು ಹೇಳುತ್ತಿಲ್ಲ. ಜಂತುಹುಳದಿಂದಲೂ ಅತಿಯಾದ ಮುಟ್ಟಿನ ಸ್ರಾವದಿಂದಲೂ ರಕ್ತ ಇಳಿಯುತ್ತದೆ. ಪರೀಕ್ಷೆ ಮಾಡಿಸಬೇಕು, ಕೊಟ್ಟ ಕಬ್ಬಿಣದ ಗುಳಿಗೆ ಬಿಡದೆ ನುಂಗಬೇಕು. ನಾನೂ ತಿಂಗಳುಗಟ್ಟಲೆ ನುಂಗಿದೆ. ಆದರೆ ತಾಟು ಬದಲಾಗದಿದ್ದರೆ ಗುಳಿಗೆ ಎಷ್ಟು ದಿನ ಕಾಯೀತು?

ಮೊದಲ ಸಲ ಎಲ್ಲರ ಜತೆ ಉಣ್ಣಲು ಕೂತಾಗ ನಮ್ಮತ್ತೆ, "ಬಡಸಾವ್ರು ಯಾರು?" ಎಂದರು. "ನಡುವ ಇಟ್ಟೀನಿ ಅತ್ತಿ, ಬೇಕಾದವ್ರು ಹಚ್ಕೊಂಡು ಉಣ್ಲಿ. ನೀವೂ ಬರ್ರಿ" ಎಂದೆ. ಅಂದು ಬರಲಿಲ್ಲ. ಎಂಟು ದಿನಕ್ಕೆ ಬಂದರು. ಜೀವಮಾನವಿಡೀ ತಳದ ರೊಟ್ಟಿ ತಿಂದವರು ಅವರೂ ಅಲ್ಲವೇ!

ಗೆಳತಿಯರೇ, ಇವತ್ತು ರಾತ್ರಿ ತಾಟು ಹಾಕುವಾಗ ನಿಮ್ಮದನ್ನೂ ಎಣಿಸಿ. ಪಲ್ಯ ಮೊದಲೇ ತಾಟಿಗೆ ಬೀಳಲಿ, ಮೇಲೆ ಲಿಂಬೆ ಹಿಂಡಿ, ಚಹಾ ಒಂದು ತಾಸು ತಡವಾಗಲಿ. ಕಡೆಗೆ ಉಳಿದ ರೊಟ್ಟಿ ಯಾರದು ಎಂದು ಯಾರಾದರೂ ಕೇಳಿದರೆ, "ಎಲ್ಲಾರ್ದೂ" ಎನ್ನಿ.