ಹೊಸದುರ್ಗದ ಹುಡುಗಿ ಯಾವ ಠಾಣೆಗೆ ಹೋಗಬೇಕು?

ಮಾನ್ಯ ಗೃಹ ಸಚಿವ ಡಾ. ಜಿ. ಪರಮೇಶ್ವರ ಅವರಿಗೆ,

2024ರ ಜೂನ್ 8ರಂದು ಚಿತ್ರದುರ್ಗದಿಂದ ಹೊರಟ ಕಾರೊಂದು ಸುಮಾರು 200 ಕಿ.ಮೀ. ಓಡಿ ಬೆಂಗಳೂರಿನ ಪಟ್ಟಣಗೆರೆಯ ಶೆಡ್ ತಲುಪಿತು. ಅದರಲ್ಲಿದ್ದ ಔಷಧ ಅಂಗಡಿ ನೌಕರನ ಶವ ಮರುದಿನ ಸುಮನಹಳ್ಳಿಯ ರಾಜಕಾಲುವೆ ಬಳಿ ಸಿಕ್ಕಿತು. ಆತ ಇನ್‌ಸ್ಟಾಗ್ರಾಂನ ನಕಲಿ ಖಾತೆಯಿಂದ ನಟಿ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶ ಕಳಿಸುತ್ತಿದ್ದ, ಆ ಸಿಟ್ಟಿಗೆ ನಟ ದರ್ಶನ್ ಮತ್ತು ಸಂಗಡಿಗರು ಅವನನ್ನು ಹೊಡೆದು ಕೊಂದರು ಎಂಬುದು ತಮ್ಮ ಇಲಾಖೆಯ ಆರೋಪ. ಆರೋಪಿಗಳು 17 ಮಂದಿ, ಆರೋಪಪಟ್ಟಿ 3,991 ಪುಟ. ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಈ ಪತ್ರ ಇರುವುದು ಆ ಕಾರು ಹೊರಡುವ ಮೊದಲು ನಡೆಯಬೇಕಿದ್ದುದರ ಬಗ್ಗೆ.

ಅಂಥ ಸಂದೇಶ ಕಳಿಸಿದ್ದು ನಿಜವೇ ಆಗಿದ್ದರೆ ಅದು ಕ್ಷಮಿಸುವಂಥದ್ದಲ್ಲ. ಆದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಕಟ್ಟಿಟ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಹೆಚ್ಚೆಂದರೆ 3 ವರ್ಷ ಜೈಲು, ಜೊತೆಗೆ ದಂಡ. ಪೊಲೀಸರು ಹೇಳುವ ಕತೆಯಲ್ಲಿ ಆ ಸಂದೇಶಗಳು ಠಾಣೆಯ ಮೆಟ್ಟಿಲು ಹತ್ತಲೇ ಇಲ್ಲ. ಅವನನ್ನು ಹುಡುಕಿ ಹಿಡಿದು ತರುವ ಕೆಲಸ ದರ್ಶನ್ ಅಭಿಮಾನಿ ಸಂಘದ ಪಾಲಾಯಿತು. ಚಿತ್ರದುರ್ಗದ ಸಂಘದ ಮುಖ್ಯಸ್ಥನೂ ಆರೋಪಿಗಳಲ್ಲೊಬ್ಬ. ದುರ್ಗದ ಇನ್ನೊಬ್ಬ ಆರೋಪಿ ಯುವಕನ ತಂದೆ, ಮಗ ಬಂಧನಕ್ಕೊಳಗಾದ ಸುದ್ದಿ ಕೇಳಿ ಹೃದಯಾಘಾತದಿಂದ ತೀರಿಕೊಂಡರು. ಮೊಬೈಲಿನಲ್ಲಿ ಹುಟ್ಟಿದ ಜಗಳವೊಂದು ಒಂದೇ ಊರಿನ ಎಷ್ಟು ಮನೆಗಳ ಬಾಗಿಲು ತಟ್ಟಿತು ನೋಡಿ.

ಆಮೇಲೆ ನಡೆದದ್ದನ್ನು ಊರಿನ ಹುಡುಗರು ಕಣ್ಣಾರೆ ಕಂಡರು. ಪರಪ್ಪನ ಅಗ್ರಹಾರ ಜೈಲಿನಲ್ಲಿ ದರ್ಶನ್ ಅವರಿಗೆ ಕೊಟ್ಟ 6106 ಎಂಬ ಕೈದಿ ಸಂಖ್ಯೆ ಅಭಿಮಾನಿಗಳ ಬೈಕು, ಆಟೊಗಳ ಮೇಲೆ ಬಂತು, ಮೈಮೇಲೆ ಹಚ್ಚೆಯಾಯಿತು. ಒಬ್ಬರಂತೂ ಹಸುಗೂಸಿಗೆ ಕೈದಿಯ ಬಟ್ಟೆ ತೊಡಿಸಿ, ಆ ಸಂಖ್ಯೆ ಹಾಕಿ ಫೋಟೊ ತೆಗೆದು ಹರಿಬಿಟ್ಟರು. 2024ರ ಸೆಪ್ಟೆಂಬರಿನಲ್ಲಿ, ಸಾಯುವ ಮುನ್ನ ಕೈಮುಗಿದು ಅಂಗಲಾಚುತ್ತಿದ್ದ ಆ ಮನುಷ್ಯನ ಚಿತ್ರಗಳು ಹೊರಬಿದ್ದವು. ಮೊದಲು ಟಿ.ವಿ., ಹಿಂದೆಯೇ ವಾಟ್ಸ್‌ಆ್ಯಪ್. ಆರೋಪಪಟ್ಟಿಯ ಗುಟ್ಟಿನ ವಿವರಗಳನ್ನು ಪ್ರಸಾರ ಮಾಡದಂತೆ ಹೈಕೋರ್ಟ್ ಮಾಧ್ಯಮಗಳನ್ನು ತಡೆಯಿತು. ಮಕ್ಕಳ ಕೈಯಲ್ಲಿದ್ದ ಫೋನಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ. ಹೊಳಲ್ಕೆರೆಯ ಹೈಸ್ಕೂಲು ಹುಡುಗನಿಗೆ ಅದು ಎಲ್ಲೋ ದೂರದ ಅಪರಾಧ ಸುದ್ದಿಯಲ್ಲ, ಪಕ್ಕದೂರಿನವನ ಕೊನೆಯ ಚಿತ್ರ. ಅದಕ್ಕೆ ನಗುವ ಎಮೋಜಿ ಒತ್ತಿದವರೂ ಇದ್ದರು.

ಬೈಗುಳ ಅಲ್ಲಿಗೂ ನಿಲ್ಲಲಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ, ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ಜನಸಾಮಾನ್ಯರಿಗೆ ಭರವಸೆ ಎಂಬರ್ಥದಲ್ಲಿ ಬರೆದದ್ದೇ ತಡ, ಅತ್ಯಾಚಾರದ ಬೆದರಿಕೆಗಳ ಸುರಿಮಳೆಯಾಯಿತು. ಜುಲೈ 28ರಂದು ಅವರು 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಒಬ್ಬೊಬ್ಬರನ್ನೇ ಹುಡುಕಿ ಹಿಡಿದರು. ಡಿಸೆಂಬರಿನಲ್ಲಿ ಅದೇ ಬಗೆಯ ಕೊಳಕು ಕಾಮೆಂಟುಗಳ ವಿರುದ್ಧ ದೂರು ಕೊಟ್ಟವರು ದರ್ಶನ್ ಅವರ ಪತ್ನಿ ವಿಜಯಲಕ್ಷ್ಮಿ. ಫ್ಯಾನ್ಸ್ ವಾರ್‌ನಲ್ಲಿ ಬಣ ಯಾವುದಾದರೂ ಬೈಸಿಕೊಳ್ಳುವುದು ಹೆಂಗಸರೇ.

ಮಾನ್ಯರೇ, ರಮ್ಯಾ ಅವರಿಗೆ ಸಿಸಿಬಿ ಇತ್ತು. ಹೊಸದುರ್ಗದ ಪಿಯುಸಿ ಹುಡುಗಿಯೊಬ್ಬಳ ಮುಖವನ್ನು ಯಾರೋ ಬೆತ್ತಲೆ ಚಿತ್ರಕ್ಕೆ ಅಂಟಿಸಿ ಕಾಲೇಜಿನ ಗ್ರೂಪಿಗೆ ಹಾಕಿದರು ಎಂದಿಟ್ಟುಕೊಳ್ಳಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ (ಸಿಇಎನ್) ಠಾಣೆ ಜಿಲ್ಲಾ ಕೇಂದ್ರವಾದ ಚಿತ್ರದುರ್ಗದಲ್ಲಿದೆ. ಹಿರಿಯೂರಿನಿಂದ ದುರ್ಗ 40 ಕಿ.ಮೀ., ಹೊಸದುರ್ಗದಿಂದ ಇನ್ನೂ ದೂರ. ಅಪ್ಪನಿಗೆ ಹೇಳದೆ ಬಸ್ ಹತ್ತುವ ಹಾಗಿಲ್ಲ, ಹೇಳಿದರೆ ಮೊದಲು ಹೋಗುವುದು ಫೋನು, ಆಮೇಲೆ ಕಾಲೇಜು. ಹೀಗಿರುವಾಗ ಹುಡುಗಿ ಬಾಯಿ ಬಿಡುತ್ತಾಳೆಯೇ?

ವಿಚಿತ್ರವೆಂದರೆ ಕಾಗದದ ಮೇಲೆ ಎಲ್ಲವೂ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು, ಅಷ್ಟೆ. ಐಟಿ ಕಾಯ್ದೆಯ 78ನೇ ಕಲಂ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡಬಾರದು ಎನ್ನುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಇನ್‌ಸ್ಪೆಕ್ಟರ್ ಇರುತ್ತಾರಲ್ಲ. ಬೆತ್ತಲೆ ಅಥವಾ ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತರು ದೂರಿದರೆ ಜಾಲತಾಣ ಕಂಪನಿ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳು ಹೇಳಿದ್ದವು, 2026ರ ತಿದ್ದುಪಡಿ ಆ ಗಡುವನ್ನು 2 ಗಂಟೆಗೆ ಇಳಿಸಿದೆ. ಆ ದೂರಿನ ಅರ್ಜಿ ತುಂಬಿಸಲು ಅವಳ ಪಕ್ಕ ಕುಳಿತುಕೊಳ್ಳುವ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮಾತ್ರ ಕಾಗದದಲ್ಲಿಲ್ಲ. ಇಂಥ ಕಡೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಚಿತ್ರ ನಾಲ್ಕು ಗ್ರೂಪು ದಾಟಿದ ಮೇಲೆ ಎಫ್‌ಐಆರ್ ದಾಖಲಾಗಬಹುದು, ಚಿತ್ರ ವಾಪಸು ಬರುವುದಿಲ್ಲ.

ಬೆಳಗಾವಿ ಅಧಿವೇಶನದಲ್ಲಿ 2025ರ ಡಿಸೆಂಬರಿನಲ್ಲಿ ತಾವೇ ದ್ವೇಷ ಭಾಷಣ ತಡೆ ಮಸೂದೆ ಮಂಡಿಸಿದಿರಿ. ಅದರ ಸುತ್ತಲಿನ ಗದ್ದಲ ಬೇರೆಯೇ ವಿಷಯ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಗುಂಪುಗಳ ಮೇಲೆ ಕಾರುವ ವಿಷಕ್ಕೆ ಅದು ಬೇಕಿರಬಹುದು. ಒಂದು ಹುಡುಗಿಯನ್ನು ಆರಿಸಿಕೊಂಡು ಕಾಡುವವನಿಗೆ ಭಾರತೀಯ ನ್ಯಾಯ ಸಂಹಿತೆಯ 78 ಮತ್ತು 79ನೇ ಕಲಂಗಳು, ಅವಳಿಗಿನ್ನೂ 18 ತುಂಬಿಲ್ಲವಾದರೆ ಪೋಕ್ಸೊ ಈಗಲೇ ಸಾಕು.

ಇನ್ನು ಆ ಚಿತ್ರ ಅಂಟಿಸಿದ ಹುಡುಗ. ಅವನಿಗೂ ಬಹುಶಃ 16 ವರ್ಷ. ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ದೊಡ್ಡವರು ಕೂತು ರಾಜಿ ಪಂಚಾಯಿತಿ ಮಾಡಿ ಮುಚ್ಚಿಹಾಕುತ್ತಾರೆ, ಇಲ್ಲವೇ ಹುಡುಗಿಯ ಕಡೆಯವರು ಅವನನ್ನು ಹಿಡಿದು ಬಡಿದು ಅದನ್ನೂ ವಿಡಿಯೊ ಮಾಡುತ್ತಾರೆ. ಪಟ್ಟಣಗೆರೆಯ ಶೆಡ್ಡಿಗೆ ಹೋದ ದಾರಿ ಶುರುವಾಗುವುದು ಈ ಎರಡನೆಯದರಿಂದ. ಬಾಲನ್ಯಾಯ ಕಾಯ್ದೆ ಮೂರನೆಯ ದಾರಿ ತೋರಿಸಿದೆ. ಘೋರ ಅಪರಾಧವಲ್ಲದಿದ್ದರೆ ಮತ್ತು ದೊಡ್ಡವರು ಜೊತೆಗಿಲ್ಲದಿದ್ದರೆ ಬಾಲಕನ ಮೇಲೆ ಎಫ್‌ಐಆರ್ ಬೇಡ, ಠಾಣೆಯ ದಿನಚರಿಯಲ್ಲಿ ದಾಖಲಿಸಿ, ಅವನ ಮನೆಯ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಿ ಎಂದು 2016ರ ಮಾದರಿ ನಿಯಮಗಳಲ್ಲಿದೆ. ಆಪ್ತ ಸಮಾಲೋಚನೆ ಕೊಡಿಸುವ ಅಧಿಕಾರ ಮಂಡಳಿಗಿದೆ. ಇದು ಹುಡುಗನನ್ನು ಸುಮ್ಮನೆ ಬಿಟ್ಟುಬಿಡುವ ದಾರಿಯಲ್ಲ. ತಾನು ಮಾಡಿದ್ದೇನೆಂದು ಅವನು ಒಬ್ಬ ಮ್ಯಾಜಿಸ್ಟ್ರೇಟರ ಎದುರು ನಿಂತು ಕೇಳಿಸಿಕೊಳ್ಳಬೇಕಾಗುತ್ತದೆ.

ಆದರೆ ಆ ಸಮಾಲೋಚನೆ ಸಿಗುವುದೆಲ್ಲಿ? ಮೊಬೈಲ್ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಷಟ್’ ಕ್ಲಿನಿಕ್ ತೆರೆಯಿತು. ಅದಿರುವುದು ಬೆಂಗಳೂರಿನಲ್ಲಿ. ದುರ್ಗದ ಹಳ್ಳಿಗೆ ತಲುಪುವುದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗಾಗಿ ಇರುವ 1930 ಸಹಾಯವಾಣಿಗೆ ಇಲಾಖೆ ಮಾಡಿದಷ್ಟು ಪ್ರಚಾರದಲ್ಲಿ ಕಾಲು ಭಾಗವಾದರೂ ಇವಕ್ಕೆ ಸಿಗಲಿ.

ಕೇಳುತ್ತಿರುವುದು ಹೊಸ ಕಟ್ಟಡವಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಠಾಣೆಗಳಲ್ಲಿ ಇಂಥ ದೂರನ್ನು ‘ದುರ್ಗಕ್ಕೆ ಹೋಗಿ’ ಎನ್ನದೆ ಅಲ್ಲಿಯೇ ಬರೆದುಕೊಳ್ಳಬೇಕೆಂದು ಒಂದು ಸುತ್ತೋಲೆ. ಪ್ರತಿ ಠಾಣೆಯಲ್ಲೂ ತರಬೇತಿ ಪಡೆದ ಒಬ್ಬ ಮಹಿಳಾ ಸಿಬ್ಬಂದಿ. ಬಂದ ದೂರೆಷ್ಟು, ಗಡುವಿನೊಳಗೆ ತೆಗೆಸಿದ್ದೆಷ್ಟು ಎಂದು ತಿಂಗಳಿಗೊಮ್ಮೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಸಹಿಯಿರುವ ಲೆಕ್ಕ. ಜೂನ್‌ನಲ್ಲಿ ಪಿಯು ತರಗತಿಗಳು ಶುರುವಾಗುವ ಹೊತ್ತಿಗೆ ಆ ಸಿಬ್ಬಂದಿಯ ಹೆಸರು, ಫೋನ್ ನಂಬರು ಈ ತಾಲ್ಲೂಕುಗಳ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿರಲಿ.

ಪ್ರತಿ: ಪೊಲೀಸ್ ವರಿಷ್ಠಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ.